ಡ್ರಿಲ್ ಬಿಸಾಕುವ ಮುಂಚೆ ಕಾರ್ಬನ್ ನೋಡು, ತಮ್ಮಾ

ತಮ್ಮಾ, ಆ ಡ್ರಿಲ್ ಮಷಿನ್ನನ್ನು ಗುಜರಿಗೆ ಹಾಕಬೇಡ. ತೂಕದ ಲೆಕ್ಕದಲ್ಲಿ ಗುಜರಿಯವನು ಕೊಡುವ ದುಡ್ಡು ಎಷ್ಟು ದಿನ ಬಂದೀತು? ನಿಮ್ಮ ಅಪ್ಪ ಅದೇ ಮಷಿನ್ನು ಹಿಡಿದು ಅರ್ಧ ಓಣಿಯ ಬಾಗಿಲು, ಚೌಕಟ್ಟು, ಕಿಟಕಿಗಳಿಗೆ ತೂತು ಹೊಡೆದ. ನಿನ್ನ ಕೈಗೆ ಬಂದು ಇನ್ನೂ ಎರಡು ಮಳೆಗಾಲ ಆಗಿಲ್ಲ, "ಅಜ್ಜಾ, ಇದರ ಕಥಿ ಮುಗೀತು, ಹೊಸಾದು ತರಿಸ್ತೀನಿ" ಅಂತ ಮೊಬೈಲಿನಲ್ಲಿ ಬ್ಯಾಟರಿ ಡ್ರಿಲ್ಲಿನ ಚಿತ್ರ ತೋರಿಸುತ್ತಿ. ತರಿಸಪಾ, ನಾನು ಬ್ಯಾಡ ಅನ್ನುವವನಲ್ಲ. ಆದರೆ ಇದರ ಕಥಿ ಮುಗಿದಿದೆ ಅಂತ ನಿನಗೆ ಹೇಳಿದವರು ಯಾರು? ಬಿಚ್ಚಿ ನೋಡಿದೆಯಾ?

ನೋಡಿಲ್ಲ. ನಿನ್ನ ಮುಖವೇ ಹೇಳುತ್ತದೆ.

ಹಾಗಾದರೆ ನಾನು ಕೇಳುತ್ತೇನೆ, ನೀನು ಹೌದೋ ಅಲ್ಲವೋ ಹೇಳು. ಸ್ವಿಚ್ ಒತ್ತಿದರೆ ಒಮ್ಮೆ ತಿರುಗುತ್ತದೆ, ಒಮ್ಮೆ ತಿರುಗುವುದಿಲ್ಲ. ಅಂಗೈಯಿಂದ ಎರಡು ಬಡಿದರೆ ಎದ್ದು ಕೂರುತ್ತದೆ. ಗಾಳಿ ಕಿಂಡಿಯಲ್ಲಿ ಇಣುಕಿದರೆ ಮೊದಲಿಗಿಂತ ಹೆಚ್ಚು ಕಿಡಿ ಕಾಣುತ್ತದೆ. ತೇಗದ ಹಲಗೆಯಲ್ಲಿ ಬೆಣ್ಣೆಯ ಹಾಗೆ ಇಳಿಯುತ್ತಿದ್ದದ್ದು ಈಗ ನಡುವೆ ಉಸಿರು ಬಿಟ್ಟು ನಿಲ್ಲುತ್ತದೆ. ಅಷ್ಟೇ ತಾನೆ? ಇದೆಲ್ಲ ಕಾರ್ಬನ್ ಸವೆದ ಲಕ್ಷಣ. ಮಷಿನ್ನು ಕೆಡುವ ಮುಂಚೆ ತಿಂಗಳುಗಟ್ಟಲೆ ನಿನಗೆ ಹೇಳುತ್ತಲೇ ಬಂದಿದೆ. ಕೇಳಿಸಿಕೊಳ್ಳುವ ವ್ಯವಧಾನ ನಿನಗಿರಲಿಲ್ಲ. ಅದು ನಿಂತಷ್ಟೂ ನೀನು ಜೋರು ಮಾಡಿ ಒತ್ತಿದೆ. ನಿನ್ನ ತೋಳಿನಲ್ಲಿ ಬಲ ಇದೆ, ಒಪ್ಪಿದೆ. ಆದರೆ ಮೋಟಾರಿನ ಮುಂದೆ ತೋಳ್ಬಲ ತೋರಿಸಿದರೆ ಸುಡುವುದು ಮೋಟಾರು.

ಒಳಗೆ ಏನಿದೆ ಅಂತ ತಿಳಿದುಕೋ. ಮಷಿನ್ನಿನ ಗೋಡೆಗೆ ಅಂಟಿಕೊಂಡು ಕುಳಿತದ್ದು ಫೀಲ್ಡ್ ಕಾಯಿಲ್. ನಡುವೆ ತಿರುಗುವುದು ಆರ್ಮೇಚರ್. ತಿರುಗುವ ಆರ್ಮೇಚರಿಗೆ ಕರೆಂಟು ಕೊಡುವುದು ಹೇಗೆ? ವಾಯರು ಕಟ್ಟಿದರೆ ಒಂದೇ ಸುತ್ತಿಗೆ ಹುರಿಗೊಂಡು ಹರಿಯುತ್ತದೆ. ಅದಕ್ಕೇ ಆರ್ಮೇಚರಿನ ಒಂದು ತುದಿಗೆ ತಾಮ್ರದ ಸಣ್ಣ ಪಟ್ಟಿಗಳನ್ನು ಸುತ್ತಲೂ ಜೋಡಿಸಿದ ಒಂದು ಉರುಳೆ ಇಟ್ಟಿರುತ್ತಾರೆ. ಅದೇ ಕಮ್ಯುಟೇಟರ್. ಅದರ ಎರಡು ಕಡೆಯಿಂದ ಎರಡು ಕಾರ್ಬನ್ ತುಂಡು, ಬೆನ್ನಿಗೆ ಒಂದೊಂದು ಸ್ಪ್ರಿಂಗು. ಒಂದು ಕಾರ್ಬನ್ನಿನಿಂದ ಕರೆಂಟು ಒಳಗೆ ಹೋಗಿ, ಆರ್ಮೇಚರಿನ ತಂತಿಗಳಲ್ಲಿ ಹಾದು, ಇನ್ನೊಂದರಿಂದ ಹೊರಗೆ ಬರುತ್ತದೆ. ಎರಡರಲ್ಲಿ ಒಂದು ಕೈಬಿಟ್ಟರೂ ದಾರಿ ಕಡಿಯಿತು, ಮಷಿನ್ನು ನಿಂತಿತು.

ಈ ಕಾರ್ಬನ್ನನ್ನು ಸವೆಯಲಿ ಅಂತಲೇ ಮಾಡಿದ್ದಾರೆ, ತಮ್ಮಾ. ಎತ್ತಿನ ಕಾಲಿಗೆ ಲಾಳ ಹೊಡೆಸುತ್ತೇವಲ್ಲ, ಲಾಳ ಸವೆದು ಗೊರಸು ಉಳಿಯಲಿ ಅಂತ. ಇಲ್ಲಿ ಕಾರ್ಬನ್ ಸವೆದು ತಾಮ್ರ ಉಳಿಯುತ್ತದೆ. ಲಾಳ ಸವೆಯಿತು ಅಂತ ಎತ್ತು ಮಾರಿದವರನ್ನು ನಮ್ಮ ಸೀಮೆಯಲ್ಲಿ ನಾನಂತೂ ಕಂಡಿಲ್ಲ. ಆದರೆ ಲಾಳ ಪೂರ್ತಿ ಹೋದ ಮೇಲೂ ಡಾಂಬರು ರಸ್ತೆಯಲ್ಲಿ ಎತ್ತು ಹೊಡೆದವನ ಎತ್ತು ಕುಂಟುತ್ತದೆ. ಕಾರ್ಬನ್ ತೀರಾ ಗಿಡ್ಡಾದರೆ ಸ್ಪ್ರಿಂಗಿನ ಒತ್ತು ಸಾಲದೆ ಅದು ತಾಮ್ರದ ಮೇಲೆ ಕುಣಿಯುತ್ತದೆ. ಕುಣಿದಾಗಲೆಲ್ಲ ಕಿಡಿ. ಕಿಡಿ ಬಿದ್ದಲ್ಲೆಲ್ಲ ತಾಮ್ರದಲ್ಲಿ ಗುಳಿ. ಇನ್ನೂ ಓಡಿಸಿದರೆ ಕಾರ್ಬನ್ನಿನೊಳಗೆ ಹುದುಗಿದ ತಂತಿಯೋ ತಗಡೋ ಹೊರಗೆ ಬಂದು ತಾಮ್ರವನ್ನೇ ಕೆರೆಯುತ್ತದೆ. ಆಗ ಬರುವುದು ಆರ್ಮೇಚರಿನ ಖರ್ಚು. ಕಾರ್ಬನ್ ಜೋಡಿಯ ಬೆಲೆಗೂ ಆರ್ಮೇಚರಿನ ಬೆಲೆಗೂ ಎಲ್ಲಿಯ ಸಾಟಿ! ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡರು ಅಂತ ಹಿರಿಯರು ಅಂದದ್ದು ಇಂಥದ್ದಕ್ಕೇ.

ಹಿಂದೆ ಕಾರ್ಬನ್ ಇರಲಿಲ್ಲ, ತಾಮ್ರದ ತಂತಿಯ ಕಟ್ಟನ್ನೇ ಒತ್ತಿ ಹಿಡಿಸುತ್ತಿದ್ದರು. ತಾಮ್ರಕ್ಕೆ ತಾಮ್ರ ಉಜ್ಜಿ ಎರಡೂ ಹಾಳಾಗುತ್ತಿದ್ದವು. 1885ರಲ್ಲಿ ಜಾರ್ಜ್ ಫೋರ್ಬ್ಸ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ ಕಾರ್ಬನ್ ಹಾಕುವ ಉಪಾಯಕ್ಕೆ ಪೇಟೆಂಟು ಪಡೆದ. ಕಾರ್ಬನ್ ಮೆತ್ತಗೆ, ತನ್ನ ಜಾರಿಕೆ ತಾನೇ ತರುತ್ತದೆ, ಕಿಡಿಯನ್ನೂ ಹದ್ದುಬಸ್ತಿನಲ್ಲಿ ಇಡುತ್ತದೆ. ಅದಾದ ನಾಲ್ಕೇ ವರ್ಷಕ್ಕೆ, 1889ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಆರ್ನಟ್ ಮತ್ತು ಬ್ರೈನ್ ಎಂಬಿಬ್ಬರು ಕರೆಂಟಿನ ಡ್ರಿಲ್ಲಿಗೆ ಪೇಟೆಂಟು ಪಡೆದರು. ಕೈಯಲ್ಲಿ ಹಿಡಿಯುವ ಡ್ರಿಲ್ಲನ್ನು 1895ರಲ್ಲಿ ಜರ್ಮನಿಯ ಫೈನ್ ಕಂಪನಿ ಮಾಡಿತು. ಪಿಸ್ತೂಲಿನಂಥ ಹಿಡಿ, ಬೆರಳಿನ ಸ್ವಿಚ್ಚು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್‌ನವರದು. ನಮ್ಮ ಕಡೆಯ ಬಡಗಿಗಳ ಕೈಗೆ ಬಂದದ್ದು ರಾಲಿವುಲ್ಫ್, ಆಮೇಲೆ ಕೊಲ್ಹಾಪುರ ಜಿಲ್ಲೆಯ ಶಿರೋಳದ ಕೆಪಿಟಿ, ಆಮೇಲೆ ಬಾಷ್. ಹೆಸರು ಯಾವುದೇ ಇರಲಿ, ವಾಯರಿನ ಡ್ರಿಲ್ಲು ಅಂದರೆ ಸಾಮಾನ್ಯವಾಗಿ ಒಳಗೆ ಕಾರ್ಬನ್ ಇದ್ದೇ ಇರುತ್ತದೆ.

ನಿಮ್ಮ ಅಡುಗೆ ಮನೆಯ ಮಿಕ್ಸಿಯಲ್ಲೂ ಇದೇ ಜಾತಿಯ ಮೋಟಾರು, ಅದರಲ್ಲೂ ಕಾರ್ಬನ್ ಇದೆ. ಸಾದಾ ಫ್ಯಾನು, ಹೊಲದ ಬೋರ್‌ವೆಲ್ಲಿನ ಮೋಟಾರುಗಳಲ್ಲಿ ಇಲ್ಲ. ಅವು ಇಂಡಕ್ಷನ್ ಮೋಟಾರು. ತಿರುಗುವ ಭಾಗಕ್ಕೆ ಮುಟ್ಟದೆಯೇ ಕರೆಂಟು ಸೇರುತ್ತದೆ. ಹಾಗಾದರೆ ಡ್ರಿಲ್ಲಿಗೂ ಅದನ್ನೇ ಹಾಕಬಾರದೇ ಅಂತ ಕೇಳುತ್ತಿ. ನಮ್ಮ 50 ಹರ್ಟ್ಸ್ ಕರೆಂಟಿಗೆ ನೇರ ಕೊಟ್ಟ ಇಂಡಕ್ಷನ್ ಮೋಟಾರು ನಿಮಿಷಕ್ಕೆ 3000 ಸುತ್ತು ದಾಟುವುದಿಲ್ಲ. ಡ್ರಿಲ್ಲಿನೊಳಗಿನ ಆರ್ಮೇಚರು ಅದರ ಎಷ್ಟೋ ಪಟ್ಟು ತಿರುಗಿ, ಆ ತಿರುಗು ಗೇರಿನಲ್ಲಿ ನಿಧಾನಗೊಂಡು, ತೂತು ಕೊರೆಯುವ ಬಿಟ್ಟನ್ನು ಹಿಡಿಯುವ ಚಕ್ಕಿಗೆ ಬರುತ್ತದೆ. ಅದಕ್ಕೇ ಅಷ್ಟು ಸಣ್ಣ ಮೈಯಲ್ಲಿ ಅಷ್ಟು ಕಸುವು.

ಈಗ ಬಿಚ್ಚು. ತಡೆ, ತಡೆ! ಸ್ವಿಚ್ ಬೋರ್ಡಿನಲ್ಲಿ ಆಫ್ ಮಾಡಿದೆ ಅಂದರೆ ಸಾಲದು. ಪ್ಲಗ್ಗು ಕಿತ್ತು ನಿನ್ನ ಕಣ್ಣೆದುರಿಗೆ ಮೇಜಿನ ಮೇಲೆ ಇಟ್ಟುಕೋ. ನೀನು ಬಿಚ್ಚುವಾಗ ಇನ್ನೊಬ್ಬ ಬಂದು "ಇದ್ಯಾಕೋ ಆಫ್ ಐತಿ" ಅಂತ ಸ್ವಿಚ್ ಹಾಕುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಪ್ಲಗ್ಗು ಕೀಳುವಾಗ ಪ್ಲಗ್ಗನ್ನೇ ಹಿಡಿ, ವಾಯರು ಜಗ್ಗಬೇಡ. ನಿನಗೆ ಇದು ಸಣ್ಣ ಮಾತು ಅನ್ನಿಸುತ್ತದೆ. ವಾಯರು ಜಗ್ಗುವವನ ಕೈಗೆ ನಾನು ಮಷಿನ್ನು ಕೊಡುವುದಿಲ್ಲ. ಅವನು ಉಳಿದ ಕೆಲಸವನ್ನೂ ಹಾಗೇ ಜಗ್ಗುತ್ತಾನೆ.

ಮೋಟಾರಿನ ಎರಡು ಬದಿಗೆ ಎದುರುಬದುರಾಗಿ ಕಪ್ಪು ಬಣ್ಣದ ಎರಡು ದುಂಡನೆಯ ಮುಚ್ಚಳ ಕಾಣುತ್ತವಲ್ಲ, ನಡುವೆ ಗೀರು ಇರುವುದು, ಅವೇ. ನಿನ್ನದು ಹಳೆಯ ಮಷಿನ್ನು, ಪುಣ್ಯಕ್ಕೆ ಹೊರಗಿನಿಂದಲೇ ಬಿಚ್ಚಬಹುದು. ಕೆಲವು ಹೊಸ ಮಷಿನ್ನುಗಳಲ್ಲಿ ಇಡೀ ಮೈ ಸೀಳಿ ತೆರೆಯಬೇಕು. ಆಗ ತೆರೆದ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೋ. ಆ ಮೊಬೈಲು ಇಂಥ ಕೆಲಸಕ್ಕೂ ಬರುತ್ತದೆ. ಗೀರಿಗೆ ಸರಿಯಾಗಿ ಕೂರುವ ಅಗಲದ ಸ್ಕ್ರೂಡ್ರೈವರ್ ಹಾಕು. ಸಣ್ಣದು ಹಾಕಿದರೆ ಮುಚ್ಚಳದ ಗೀರು ಕಿತ್ತು ಹೋಗುತ್ತದೆ, ಆಮೇಲೆ ದೇವರೇ ಬಂದರೂ ಬಿಚ್ಚಲಾರ. ಮುಚ್ಚಳ ಸಡಿಲಾದಾಗ ಹೆಬ್ಬೆರಳು ಅಡ್ಡ ಹಿಡಿ, ಸ್ಪ್ರಿಂಗು ಹಾರಿ ಮಂಚದ ಕೆಳಗೆ ಸೇರುತ್ತದೆ. ಬಲಗಡೆಯದು ಬಲಕ್ಕೆ, ಎಡಗಡೆಯದು ಎಡಕ್ಕೆ ಇಡು, ಯಾವ ಮೈ ಮೇಲಿತ್ತು ಅಂತ ಪೆನ್ಸಿಲಿನಿಂದ ಗುರುತು ಮಾಡು. ಕಾರ್ಬನ್ ಇನ್ನೂ ಉದ್ದ ಇದ್ದು ಅದನ್ನೇ ಮತ್ತೆ ಹಾಕುವುದಾದರೆ, ತಾಮ್ರಕ್ಕೆ ಹೊಂದಿಕೊಂಡ ಮೈ ತಿರುಗುಮುರುಗು ಆಗಬಾರದು.

ಹೊರಗೆ ಬಂದ ಕಾರ್ಬನ್ನನ್ನು ಬಿಸಿಲಿಗೆ ಹಿಡಿದು ನೋಡು. ಇಲ್ಲಿ ಅವಸರ ಮಾಡಬೇಡ. ತಾಮ್ರಕ್ಕೆ ತಾಗುವ ಮುಖ ಒಳಗೆ ಬಾಗಿ, ನುಣುಪಾಗಿ, ಸಣ್ಣ ಹೊಳಪು ಇದ್ದರೆ ಮಷಿನ್ನು ಒಳ್ಳೆಯ ಕೈಯಲ್ಲಿತ್ತು ಅಂತ ಅರ್ಥ. ಆ ಮುಖ ತರಿತರಿಯಾಗಿ ಗುಳಿ ಬಿದ್ದಿದ್ದರೆ ಕಿಡಿಯ ಹೊಡೆತ. ಮೂಲೆ ಒಡೆದಿದ್ದರೆ ಮಷಿನ್ನು ಎತ್ತರದಿಂದ ಬಿದ್ದಿರಬೇಕು, ಇಲ್ಲವೇ ತಾಮ್ರದ ಪಟ್ಟಿ ಒಂದು ಮೇಲೆದ್ದಿದೆ. ಪಕ್ಕದ ಮೈ ಸುಟ್ಟಂತಿದ್ದರೆ ಗೂಡಿನಲ್ಲಿ ಕಸ ಸೇರಿ ಕಾರ್ಬನ್ ಸಿಕ್ಕಿಕೊಂಡಿತ್ತು. ಸ್ಪ್ರಿಂಗು ನೀಲಿ ಬಣ್ಣಕ್ಕೆ ತಿರುಗಿದ್ದರೆ ಕಾಯ್ದು ಕಾಯ್ದು ಹದ ಕಳೆದುಕೊಂಡಿದೆ. ಅದನ್ನು ಎಳೆದು ಉದ್ದ ಮಾಡಿ ಮತ್ತೆ ಹಾಕುವ ಜಾಣತನ ಬೇಡ. ಕೆಲವು ಕಾರ್ಬನ್ನುಗಳ ಮೇಲೆ ಸವೆತದ ಗೆರೆ ಹಾಕಿರುತ್ತಾರೆ, ಅಲ್ಲಿಗೆ ಬಂದರೆ ಬದಲಿಸು. ಗೆರೆ ಇಲ್ಲದಿದ್ದರೆ ಹೊಸದರ ಮೂರನೇ ಒಂದು ಪಾಲಿಗೆ ಇಳಿದಾಗ ಬದಲಿಸು. ಇನ್ನು ಕೆಲವದರಲ್ಲಿ ಒಳಗೊಂದು ಸಣ್ಣ ಮೊಳೆ ಬಚ್ಚಿಟ್ಟಿರುತ್ತಾರೆ. ಕಾರ್ಬನ್ ಸವೆದ ಮೇಲೆ ಅದು ಹೊರಗೆ ಚಿಮ್ಮಿ ಮಷಿನ್ನನ್ನು ನಿಲ್ಲಿಸುತ್ತದೆ, ತಾಮ್ರ ಉಳಿಯಲಿ ಅಂತ. ನಿಂತ ಮಷಿನ್ನನ್ನು ಕಂಡು "ಮೋಟಾರು ಸುಟ್ಟಿತು" ಅಂತ ಮಾರಿದವರು ಎಷ್ಟೋ ಮಂದಿ.

ಕಾರ್ಬನ್ ತೆಗೆದ ತೂತಿನಲ್ಲಿ ಟಾರ್ಚು ಬಿಟ್ಟು ಕಮ್ಯುಟೇಟರ್ ನೋಡು, ಚಕ್ಕನ್ನು ಕೈಯಿಂದ ನಿಧಾನ ತಿರುಗಿಸು. ತಾಮ್ರ ಫಳಫಳ ಹೊಳೆಯಬೇಕು ಅಂತ ನೀನು ತಿಳಿದಿದ್ದಿ. ಅಲ್ಲ. ಕಾಫಿ ಬಣ್ಣದ ತೆಳುವಾದ ಪದರ ಕೂತಿರಬೇಕು. ಆ ಪದರವೇ ಕಾರ್ಬನ್ ಜಾರುವ ಹಾಸಿಗೆ. ಹೊಸ ಹುಡುಗರು ಅದನ್ನು ಕೊಳೆ ಅಂತ ಪಾಲಿಶ್ ಪೇಪರು ಹಾಕಿ ಉಜ್ಜಿ ಚಿನ್ನದ ಹಾಗೆ ಮಾಡಿ ತೋರಿಸುತ್ತಾರೆ; ಹೊಸ ಕಾರ್ಬನ್ ಎರಡೇ ದಿನಕ್ಕೆ ಸವೆಯತೊಡಗುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಅಲ್ಲಲ್ಲಿ ಕಪ್ಪು ಕಲೆ ಇದ್ದರೆ ಮಾತ್ರ ತೀರ ನಯವಾದ ಪೇಪರಿನಿಂದ ಮೆಲ್ಲಗೆ ಸವರಿ, ಪುಡಿ ಊದಿ ತೆಗೆ. ಎಮರಿ ಕಾಗದ ಮುಟ್ಟಬೇಡ, ಅದರ ಹರಳು ತಾಮ್ರದ ಸಂದಿಯಲ್ಲಿ ಕೂತುಬಿಡುತ್ತದೆ.

ಇನ್ನು ಅಂಗಡಿಗೆ ಹೊರಡು. ಹಳೆಯ ಎರಡೂ ಕಾರ್ಬನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗು, ಮಷಿನ್ನಿನ ತಗಡಿನ ಮೇಲಿರುವ ಮಾಡೆಲ್ ನಂಬರನ್ನೂ ಬರೆದುಕೋ. ದಪ್ಪ, ಅಗಲ ಮಿಲಿಮೀಟರಿನಲ್ಲಿ ಅಳೆದು ಹೇಳು. ಉದ್ದ ಹಳೆಯದರಿಂದ ತಿಳಿಯುವುದಿಲ್ಲ, ಅದು ಸವೆದಿದೆಯಲ್ಲ. ಕೊಪ್ಪಳದಲ್ಲಿ ಸಿಗದಿದ್ದರೆ ಗಂಗಾವತಿ, ಅಲ್ಲೂ ಇಲ್ಲ ಅಂದರೆ ಹೊಸಪೇಟೆ, ಹುಬ್ಬಳ್ಳಿ. ಅಂಗಡಿಯವನು "ಇದನ್ನ ಹಾಕು, ಸ್ವಲ್ಪ ತಿಕ್ಕಿದ್ರ ಕುಂದರತೈತಿ" ಅಂದರೆ ನಗುತ್ತಾ ಬೇಡ ಅನ್ನು. ಗೂಡಿನಲ್ಲಿ ಕಾರ್ಬನ್ ತನ್ನ ಭಾರಕ್ಕೆ ತಾನೇ ಜಾರಬೇಕು. ಬಿಗಿಯಾದರೆ ಕಾಯ್ದಾಗ ಸಿಕ್ಕಿಕೊಳ್ಳುತ್ತದೆ, ಸಡಿಲಾದರೆ ಓಲಾಡುತ್ತದೆ. ಟ್ರ್ಯಾಕ್ಟರಿನ ಸೆಲ್ಫ್ ಮೋಟಾರಿನ ಕಾರ್ಬನ್ ತಿಕ್ಕಿ ಹಾಕುವವರನ್ನು ಕಂಡಿದ್ದೇನೆ. ಅದರಲ್ಲಿ ತಾಮ್ರದ ಪುಡಿ ಬೆರೆಸಿರುತ್ತಾರೆ, ಅದು 12 ವೋಲ್ಟಿನ ಬ್ಯಾಟರಿಗೆ ಮಾಡಿದ್ದು. ನಿನ್ನ ಮಷಿನ್ನು ನಡೆಯುವುದು 230ರಲ್ಲಿ. ಟಾರ್ಚಿನ ಸೆಲ್ಲು ಒಡೆದು ಒಳಗಿನ ಕಡ್ಡಿ ಕೆತ್ತಿ ಹಾಕುವ ಪಂಡಿತರೂ ಇದ್ದಾರೆ. ಅವರ ಮಷಿನ್ನು ಆ ದಿನ ತಿರುಗುತ್ತದೆ, ಆಮೇಲಿನ ಮಾತು ಬೇಡ.

ಒಂದೇ ಕಡೆ ಸವೆದಿದೆ, ಒಂದನ್ನೇ ಬದಲಿಸುತ್ತೇನೆ ಅನ್ನಬೇಡ. ಎರಡೂ ಒಟ್ಟಿಗೆ ಬದಲಾಗಬೇಕು. ನಿನ್ನ ಕೈ ಬಿಗಿ ಇರುವುದು ನನಗೆ ಗೊತ್ತು, ಉಳಿತಾಯ ಒಳ್ಳೆಯದೇ, ಆದರೆ ಇಲ್ಲಿ ಅಲ್ಲ.

ಕೂಡಿಸುವಾಗ ಮುಖದ ಬಾಗು ತಾಮ್ರದ ದುಂಡಿಗೆ ಸರಿಹೊಂದುವ ಹಾಗೆ ಇಡು. ಬಾಲದ ಸಣ್ಣ ತಂತಿ ಸ್ಪ್ರಿಂಗಿನ ಸುರುಳಿಗೆ ಸಿಕ್ಕಬಾರದು. ಮುಚ್ಚಳವನ್ನು ಬೆರಳ ಬಿಗಿಗಿಂತ ಸ್ವಲ್ಪ ಹೆಚ್ಚು ಬಿಗಿ ಮಾಡು, ಅಷ್ಟೇ. ಹಳೆಯ ಬೇಕಲೈಟು ಮುಚ್ಚಳ, ಜೋರು ಮಾಡಿದರೆ ಬಿರಿಯುತ್ತದೆ.

ಈಗ ನಿನ್ನ ಪರೀಕ್ಷೆ. ಪ್ಲಗ್ಗು ಹಾಕಿ ಸ್ವಿಚ್ ಒತ್ತುತ್ತಿ, ಮಷಿನ್ನು ಹುಮ್ಮಸ್ಸಿನಿಂದ ತಿರುಗುತ್ತದೆ, ನೀನು ಕೂಡಲೇ ಕಾಂಕ್ರೀಟಿಗೆ ಹಚ್ಚಲು ಓಡುತ್ತಿ. ಕೂರು. ಹೊಸ ಕಾರ್ಬನ್ನಿನ ಮುಖ ಇನ್ನೂ ತಾಮ್ರದ ದುಂಡಿಗೆ ಪೂರ್ತಿ ಹೊಂದಿಲ್ಲ, ಒಂದು ಅಂಚು ಮಾತ್ರ ತಾಗುತ್ತಿದೆ. ಇಡೀ ಕರೆಂಟು ಆ ಅಂಚಿನಲ್ಲೇ ಹಾಯುತ್ತಿದೆ. ಆಗ ಭಾರ ಹೇರಿದರೆ ಅಂಚು ಸುಟ್ಟು ತಾಮ್ರಕ್ಕೂ ಕಲೆ. ಚಕ್ಕಿಗೆ ಬಿಟ್ಟು ಹಾಕದೆ ಹತ್ತು ನಿಮಿಷ ಖಾಲಿ ಓಡಿಸು. ನಡುನಡುವೆ ನಿಲ್ಲಿಸಿ ಮೈ ಮುಟ್ಟಿ ನೋಡು. ಮೊದಲು ಕಿಡಿ ಸ್ವಲ್ಪ ಜಾಸ್ತಿ ಕಾಣುತ್ತದೆ, ಹೆದರಬೇಡ, ಬರಬರುತ್ತ ಕಾರ್ಬನ್ನಿನ ಅಂಚಿನಲ್ಲಿ ಸಣ್ಣ ನೀಲಿ ಕಿಡಿಯಷ್ಟೇ ಉಳಿಯುತ್ತದೆ. ಆಮೇಲೆ ಸಣ್ಣ ಬಿಟ್ಟು ಹಾಕಿ ಮೆತ್ತನೆಯ ಕಟ್ಟಿಗೆಯಲ್ಲಿ ನಾಲ್ಕು ತೂತು. ಕಾಂಕ್ರೀಟು, ಕಲ್ಲು ನಾಳೆಗೆ. ಈ ಹತ್ತು ನಿಮಿಷ ಕೂರಲು ಆಗದವನೇ ಆರು ತಿಂಗಳಲ್ಲಿ ಮತ್ತೆ ನನ್ನ ಬಾಗಿಲಿಗೆ ಬರುತ್ತಾನೆ, "ಡುಪ್ಲಿಕೇಟ್ ಕಾರ್ಬನ್ ಅಜ್ಜಾ" ಅಂತ ಅಂಗಡಿಯವನನ್ನು ಬೈಯುತ್ತ.

ಎಲ್ಲ ರೋಗಕ್ಕೂ ಕಾರ್ಬನ್ನೇ ಮದ್ದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊಸ ಕಾರ್ಬನ್ ಹಾಕಿದ ಮೇಲೂ ತಾಮ್ರದ ಸುತ್ತ ಬೆಂಕಿಯ ಬಳೆ ತೊಡಿಸಿದ ಹಾಗೆ ಕಿಡಿ ಸುತ್ತಿದರೆ ಆರ್ಮೇಚರಿನ ಸುತ್ತು ಕಡಿದಿದೆ ಇಲ್ಲವೇ ಒಂದಕ್ಕೊಂದು ತಾಗಿದೆ. ಸುಟ್ಟ ವಾರ್ನಿಶಿನ ವಾಸನೆ ಬಂದರೆ ವೈಂಡಿಂಗ್ ಹೋಗಿದೆ. ಕರಕರ ಸದ್ದು, ಚಕ್ಕು ಅಲುಗಾಡಿದರೆ ಬೇರಿಂಗು. ಏನೂ ಸದ್ದಿಲ್ಲದೆ ಸತ್ತಿದ್ದರೆ ಮೊದಲು ವಾಯರು ನೋಡು, ಹಿಡಿಯ ಬಾಯಲ್ಲಿ ಬಾಗಿ ಬಾಗಿ ಒಳಗೇ ಕಡಿದಿರುತ್ತದೆ. ಆರ್ಮೇಚರೋ ವೈಂಡಿಂಗೋ ಹೋಗಿದ್ದರೆ ವೈಂಡಿಂಗಿನವನ ಹತ್ತಿರ ಹೋಗು, ಖರ್ಚು ಕೇಳು, ಹೊಸದರ ಬೆಲೆಯ ಅರ್ಧ ದಾಟಿದರೆ ಸಂತೋಷದಿಂದ ಹೊಸದು ತಗೋ.

ನಿನ್ನದು ಅಲ್ಯೂಮಿನಿಯಂ ಮೈಯ ಮಷಿನ್ನು ಅಲ್ಲವೇ? ಹಾಗಾದರೆ ಈ ಮಾತನ್ನು ಕಿವಿಯಲ್ಲಲ್ಲ, ಎದೆಯಲ್ಲಿ ಬರೆದುಕೋ. ಸವೆದ ಕಾರ್ಬನ್ನಿನ ಕಪ್ಪು ಪುಡಿ ಎಲ್ಲಿ ಹೋಗುತ್ತದೆ? ಮಷಿನ್ನಿನ ಹೊಟ್ಟೆಯಲ್ಲೇ ಕೂರುತ್ತದೆ. ಆ ಪುಡಿಯಲ್ಲಿ ಕರೆಂಟು ಹರಿಯುತ್ತದೆ. ವರ್ಷಗಟ್ಟಲೆ ಕೂತ ಪುಡಿ ಒಳಗಿನ ಕರೆಂಟಿಗೆ ಹೊರಮೈವರೆಗೆ ದಾರಿ ಮಾಡಿಕೊಟ್ಟರೆ, ಮೈ ಮುಟ್ಟಿದವನಿಗೆ ಶಾಕು. ಲೋಹದ ಮೈಯ ಮಷಿನ್ನಿಗೆ ಮೂರು ಪಿನ್ನಿನ ಪ್ಲಗ್ಗು, ಕೆಲಸ ಮಾಡುವ ಅರ್ಥಿಂಗು ಇರಲೇಬೇಕು. ಮೂರನೇ ಪಿನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವ ಚಾಳಿ ನಿನ್ನ ಗೆಳೆಯರಲ್ಲಿ ನೋಡಿದ್ದೇನೆ. ಆ ಪಿನ್ನು ಕಂಪನಿಯವರು ಚೆಂದಕ್ಕೆ ಇಟ್ಟದ್ದಲ್ಲ, ನಿನ್ನ ಜೀವಕ್ಕೆ ಇಟ್ಟದ್ದು. ಪ್ಲಾಸ್ಟಿಕ್ ಮೈಯ ಮಷಿನ್ನಿನ ತಗಡಿನ ಮೇಲೆ ಚೌಕದೊಳಗೊಂದು ಚೌಕದ ಗುರುತು ಇದ್ದರೆ ಅದಕ್ಕೆ ಎರಡು ಪದರದ ರಕ್ಷಣೆ ಇದೆ, ಎರಡು ಪಿನ್ನು ನಡೆಯುತ್ತದೆ. ಕಾರ್ಬನ್ ಬದಲಿಸಿದಾಗಲೆಲ್ಲ ಬ್ಲೋಯರಿನಿಂದ ಆ ಪುಡಿ ಊದಿ ತೆಗೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಯಲಿನಲ್ಲಿ ಊದು, ಅಡುಗೆ ಮನೆಯ ಬಾಗಿಲಲ್ಲಿ ಅಲ್ಲ.

ಕುಷ್ಟಗಿ ಕಡೆ ಗ್ರಾನೈಟಿನ ಕೆಲಸ ಮಾಡುವ ಹುಡುಗರ ಮಷಿನ್ನಿನಲ್ಲಿ ಕಾರ್ಬನ್ ಬೇಗ ಸವೆಯುತ್ತದೆ. ಕಲ್ಲಿನ ಧೂಳು ಗಾಳಿ ಕಿಂಡಿಯಿಂದ ಒಳಗೆ ಹೋಗಿ ಕಾರ್ಬನ್ನನ್ನೂ ತಾಮ್ರವನ್ನೂ ತಿಕ್ಕುತ್ತದೆ. ಅದೇ ಧೂಳು ಅವರ ಪುಪ್ಪುಸಕ್ಕೂ ಹೋಗುತ್ತದೆ, ಸಿಲಿಕೋಸಿಸ್ ಅನ್ನುತ್ತಾರೆ. ಮಷಿನ್ನಿಗೆ ಬದಲಿ ಕಾರ್ಬನ್ ಸಿಗುತ್ತದೆ, ನಿನ್ನ ಪುಪ್ಪುಸಕ್ಕೆ ಬದಲಿ ಇಲ್ಲ. ಕಲ್ಲು ಕೊರೆಯುವಾಗ ಸರಿಯಾದ ಮಾಸ್ಕು ಹಾಕು, ತೋಳಿನಿಂದ ಮೂಗು ಒರೆಸಿಕೊಂಡರೆ ಆಗುವುದಿಲ್ಲ. ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಇನ್ನೊಂದು ನೋಡುತ್ತೇನೆ: ಕಂಬದ ಹತ್ತಿರದ ಮನೆಯಿಂದ ಕಟ್ಟಡದವರೆಗೆ ಕೂದಲೆಳೆಯಂಥ ವಾಯರು ಎಳೆದು ಡ್ರಿಲ್ಲು ಓಡಿಸುತ್ತಾರೆ. ಅಷ್ಟು ದೂರ ಬರುವಷ್ಟರಲ್ಲಿ ವೋಲ್ಟೇಜು ಇಳಿದಿರುತ್ತದೆ, ಮಷಿನ್ನು ಸೊರಗುತ್ತದೆ, ಇವರು ಒತ್ತುತ್ತಾರೆ, ಅದು ಕಾಯುತ್ತದೆ. ದಪ್ಪ ವಾಯರು ತಗೋ. ಬಿಟ್ಟು ಮೊಂಡಾದರೆ ಸಾಣೆ ಹಿಡಿ. ಗಾಳಿ ಕಿಂಡಿಯನ್ನು ಅಂಗೈಯಿಂದ ಮುಚ್ಚಬೇಡ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಮಾತೇ ಅಂತ ನಿನ್ನ ಕಣ್ಣು ಹೇಳುತ್ತಿದೆ. 2024ರ ಆಗಸ್ಟ್ 10ರ ರಾತ್ರಿ ಮರೆತೆಯಾ? ತುಂಗಭದ್ರಾ ಜಲಾಶಯ ತುಂಬಿ ನಿಂತಿತ್ತು. 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಗಂಗಾವತಿಯ ಭತ್ತದ ರೈತರು ಕಣ್ಣಿಗೆ ನಿದ್ದೆ ಹತ್ತಿಸದೆ ಕೂತರು. ಅಣೆಕಟ್ಟು 1953ರದು, ಗೋಡೆ ಗಟ್ಟಿಯಾಗಿಯೇ ಇತ್ತು, ಕೈಕೊಟ್ಟದ್ದು ಚೈನು. ಆಗ ಬಂದವರು ಯಾರು? ನಿವೃತ್ತರಾಗಿ ಎಷ್ಟೋ ವರ್ಷ ಕಳೆದಿದ್ದ, ಗೇಟಿನ ಕೆಲಸದಲ್ಲೇ ಪಳಗಿದ ಕನ್ನಯ್ಯ ನಾಯ್ಡು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಮುನಿರಾಬಾದಿನ ದಾರಿಯಲ್ಲಿ ಹೋಗುವಾಗ ಆ ಗೇಟುಗಳ ಕಡೆ ಒಮ್ಮೆ ನೋಡು. ಸವೆಯುವ ಭಾಗವನ್ನು ಸವೆದು ಮುಗಿಯುವ ಮುಂಚೆ ನೋಡಿಕೊಳ್ಳುವುದು ಸಣ್ಣ ಕೆಲಸ ಅಂತ ಆಗ ಹೇಳು.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ನನಗೆ ಗೊತ್ತಿರುವ ಒಬ್ಬ ಫಿಟ್ಟರ್ ಇದ್ದಾನೆ. ಓದಿದ್ದು ಕಡಿಮೆ, ಮಾತು ಇನ್ನೂ ಕಡಿಮೆ. ಅವನ ಡ್ರಿಲ್ಲಿನ ಪೆಟ್ಟಿಗೆಯಲ್ಲಿ ಸದಾ ಒಂದು ಜೋಡಿ ಹೊಸ ಕಾರ್ಬನ್ ಇರುತ್ತದೆ, ಔಷಧದ ಸಣ್ಣ ಡಬ್ಬಿಯಲ್ಲಿ, ಹತ್ತಿಯಲ್ಲಿ ಸುತ್ತಿ. ಹಾಕಿದ ತಿಂಗಳು-ವರ್ಷವನ್ನು ಮುಚ್ಚಳದ ಒಳಗೆ ಬರೆದಿಡುತ್ತಾನೆ. ಯಾರಾದರೂ ಮಷಿನ್ನು ಕೇಳಿದರೆ ಕೊಡುತ್ತಾನೆ. ವಾಪಸ್ ಬಂದಾಗ ಬಿಟ್ಟು ಎಣಿಸಿ, ಕಿಂಡಿಗೆ ಮೂಗಿಟ್ಟು ವಾಸನೆ ನೋಡಿ, ಒಮ್ಮೆ ಖಾಲಿ ತಿರುಗಿಸಿ ಒಳಗಿಡುತ್ತಾನೆ. ಬೈಯುವುದಿಲ್ಲ, ಮರೆಯುವುದೂ ಇಲ್ಲ. ಸುಗ್ಗಿಯಲ್ಲಿ ಗಿರಣಿ ಹಗಲು ರಾತ್ರಿ ಓಡುವಾಗ ಮಾಲೀಕ ಕರೆಯುವುದು ಅವನನ್ನೇ. ನಿನ್ನಲ್ಲಿ ಅವನಿಗಿಂತ ಚುರುಕು ಬುದ್ಧಿ ಇದೆ, ಕೈಯೂ ಚೊಕ್ಕ. ನಿನಗೆ ಬೇಕಾದದ್ದು ಅವನ ನಿಧಾನ ಒಂದೇ. ಐಟಿಐಗೆ ಹೋಗುವ ನಿನ್ನ ತಂಗಿಗೂ ಇದನ್ನು ಹೇಳಿಕೊಡು. ಅವಳು ನಿನಗಿಂತ ಮುಂಚೆ ಕಲಿತರೆ ಮುಖ ಊದಿಸಬೇಡ.

ಮಹಾನವಮಿಗೆ ಖಂಡೆ ಪೂಜೆ ಬರುತ್ತದೆ. ಪ್ರತಿ ವರ್ಷ ಆ ಮಷಿನ್ನಿಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ, ಕಾಯಿ ಒಡೆದು ಕೈ ಮುಗಿಯುತ್ತಿ. ಈ ಸಲ ಹೂ ಏರಿಸುವ ಮುಂಚಿನ ದಿನ ಪ್ಲಗ್ಗು ಕಿತ್ತು, ಎರಡೂ ಮುಚ್ಚಳ ಬಿಚ್ಚಿ, ಕಾರ್ಬನ್ ಎಷ್ಟಿದೆ ನೋಡು. ಕುಂಕುಮವನ್ನು ಗಾಳಿ ಕಿಂಡಿಯಿಂದ ದೂರ ಹಚ್ಚು. ಸದ್ಯಕ್ಕೆ ಎದ್ದು ಸ್ಕ್ರೂಡ್ರೈವರ್ ತಾ, ಅಂಗಡಿ ಮುಚ್ಚಲು ಇನ್ನೂ ಹೊತ್ತಿದೆ.